ಚಳಿಜ್ವರದ ಗುಟ್ಟನ್ನು ಬಿಡಿಸಿದ ರೊನಾಲ್ಡ್ ರಾಸ್

ನಮ್ಮ ಊರುಗಳ ಹಿರಿಯರನ್ನು ಕೇಳಿದರೆ ಚಳಿಜ್ವರದ ಕಥೆಗಳು ಒಂದೆರಡಲ್ಲ. ಕಾಡಿನಂಚಿನ ಹಳ್ಳಿಗಳಲ್ಲಿಯೂ ಘಟ್ಟದ ಬುಡದ ಊರುಗಳಲ್ಲಿಯೂ ಈ ಜ್ವರ ಕಾಲಿಡದ ಮನೆಯೇ ಅಪರೂಪವಾಗಿತ್ತು. ಮೊದಲು ಮೈಯೆಲ್ಲ ಗಡಗಡನೆ ನಡುಗಿಸುವ ಚಳಿ. ಎಷ್ಟು ಕಂಬಳಿ ಹೊದಿಸಿದರೂ ನಿಲ್ಲದು. ಆಮೇಲೆ ಕೆಂಡದಂತಹ ಜ್ವರ. ಕೊನೆಗೆ ಬೆವರು ಸುರಿದು ಜ್ವರ ಇಳಿಯುವುದು. ರೋಗ ಹೋಯಿತೆಂದುಕೊಳ್ಳುವಷ್ಟರಲ್ಲಿ ಒಂದು ದಿನ ಬಿಟ್ಟು ಮತ್ತೆ ಚಳಿ. ಹೀಗೆ ಬಂದು ಬಂದು ರೋಗಿಯ ಮುಖ ಬಿಳಿಚಿಕೊಳ್ಳುವುದು, ಹೊಟ್ಟೆಯ ಎಡಭಾಗದಲ್ಲಿ ಜ್ವರಗಡ್ಡೆ ಬೆಳೆಯುವುದು. ಎಷ್ಟೋ ಮಕ್ಕಳು ಇದರಿಂದಲೇ ಕಣ್ಣು ಮುಚ್ಚಿದರು.

ಈ ರೋಗಕ್ಕೆ ಮಲೇರಿಯಾ ಎಂಬ ಹೆಸರು ಇಟಲಿಯ ಭಾಷೆಯಿಂದ ಬಂದುದು. ಕೆಟ್ಟ ಗಾಳಿ ಎಂದು ಅದರ ಅರ್ಥ. ಜೌಗು ನೆಲದಿಂದೇಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಶತಮಾನಗಳ ಕಾಲ ಪಂಡಿತರೂ ಪಾಮರರೂ ನಂಬಿದ್ದರು. ಆ ನಂಬಿಕೆಯನ್ನು ತೊಡೆದುಹಾಕಿ ರೋಗದ ನಿಜವಾದ ದಾರಿಯನ್ನು ತೋರಿಸಿದವರಲ್ಲಿ ಸರ್ ರೊನಾಲ್ಡ್ ರಾಸ್ ಪ್ರಮುಖರು. ಅವರ ಜೀವನದ ಮುಖ್ಯ ಘಟನೆಗಳು ನಡೆದುದು ನಮ್ಮ ನೆರೆಹೊರೆಯ ಬೆಂಗಳೂರು, ಉದಕಮಂಡಲ, ಸಿಕಂದರಾಬಾದುಗಳಲ್ಲಿ. ಆದುದರಿಂದ ಅವರ ಚರಿತ್ರೆಯನ್ನು ನಾವು ವಿಶೇಷವಾಗಿ ತಿಳಿದಿರಬೇಕು.

1857ನೆಯ ಇಸವಿ ಮೇ 13ರಂದು ಹಿಮಾಲಯದ ಮಡಿಲಿನ ಆಲ್ಮೋರಾ ಎಂಬ ಊರಿನಲ್ಲಿ ರಾಸ್ ಜನಿಸಿದರು. ಅದಕ್ಕೆ ಮೂರೇ ದಿನ ಮೊದಲು ಮೀರತ್ತಿನಲ್ಲಿ ಸಿಪಾಯಿಗಳು ದಂಗೆ ಎದ್ದು ನಮ್ಮ ದೇಶದ ಮೊದಲ ಸ್ವಾತಂತ್ರ್ಯ ಸಂಗ್ರಾಮ ಆರಂಭವಾಗಿತ್ತು. ತಂದೆ ಬ್ರಿಟಿಷರ ಭಾರತೀಯ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡನೇ ಹಿರಿಯ. ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಿದರು.

ಹುಡುಗನಿಗೆ ಕವಿತೆ, ಚಿತ್ರ, ಸಂಗೀತ, ಗಣಿತ ಎಂದರೆ ಪ್ರಾಣ. ವೈದ್ಯಶಾಸ್ತ್ರದಲ್ಲಿ ಮಾತ್ರ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಆದರೆ ಮಗ ಭಾರತದ ಸೈನ್ಯದಲ್ಲಿ ವೈದ್ಯನಾಗಬೇಕೆಂಬುದು ತಂದೆಯ ಹಟ. ತಂದೆಯ ಮಾತಿಗೆ ಕಟ್ಟುಬಿದ್ದು ರಾಸ್ ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ವಿದ್ಯಾಲಯವನ್ನು ಸೇರಿದರು. ಮನಸ್ಸಿಲ್ಲದ ಓದು ಎಷ್ಟು ಫಲ ಕೊಟ್ಟೀತು? 1879ರಲ್ಲಿ ಒಂದು ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಇನ್ನೊಂದರಲ್ಲಿ ಅನುತ್ತೀರ್ಣರಾದರು. ಕೆಲಕಾಲ ಹಡಗಿನ ವೈದ್ಯರಾಗಿ ಸಮುದ್ರದ ಮೇಲೆ ಅಲೆದರು. ಕೊನೆಗೆ 1881ರಲ್ಲಿ ಪರೀಕ್ಷೆಯನ್ನು ಮುಗಿಸಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. ಅಲ್ಲಿಯೂ ಬಿಡುವಿನ ವೇಳೆಯೆಲ್ಲ ಕವಿತೆ ಬರೆಯುವುದರಲ್ಲಿ, ಗುರುವಿಲ್ಲದೆ ತಾವೇ ಗಣಿತವನ್ನು ಕಲಿಯುವುದರಲ್ಲಿ ಕಳೆಯುತ್ತಿತ್ತು. ಆಗ ಹವ್ಯಾಸಕ್ಕೆಂದು ಕಲಿತ ಗಣಿತ ಮುಂದೆ ಲೋಕದ ಉಪಯೋಗಕ್ಕೆ ಬಂದಿತು.

1883ರಲ್ಲಿ ಅವರಿಗೆ ಬೆಂಗಳೂರು ದಂಡಿನಲ್ಲಿ ಕೆಲಸ. ವಾಸಕ್ಕೆ ಒಳ್ಳೆಯ ಬಂಗಲೆ ದೊರೆಯಿತು, ಆದರೆ ಸೊಳ್ಳೆಗಳ ಕಾಟ ಸಹಿಸಲಸಾಧ್ಯವಾಗಿತ್ತು. ಎಲ್ಲಿಂದ ಬರುತ್ತವೆಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ಒಂದು ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ಮಿಜಿಮಿಜಿ ಎನ್ನುತ್ತಿದ್ದುವು. ತೊಟ್ಟಿಯನ್ನು ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೆಯೇ ಮಾಡಬಹುದೆಂದು ದಂಡಿನ ಅಧಿಕಾರಿಗೆ ಸೂಚಿಸಿದರೆ ಆತ ಒಪ್ಪಲಿಲ್ಲ. ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಿರುವಾಗ ಅವುಗಳ ಕಡಿತವನ್ನು ಸಹಿಸುವುದೇ ನಮ್ಮ ಧರ್ಮವೆಂಬುದು ಆತನ ವಾದ! ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ.

ಈ ನಡುವೆ ಬೇರೆ ದೇಶಗಳಲ್ಲಿ ರೋಗದ ಗುರುತುಗಳು ಒಂದೊಂದಾಗಿ ಹೊರಬೀಳುತ್ತಿದ್ದುವು. 1880ರಲ್ಲಿ ಆಲ್ಜೀರಿಯಾದಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ವೈದ್ಯರು ಜ್ವರಪೀಡಿತರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿ ಒಂದು ಜೀವಿ ಇರುವುದನ್ನು ಕಂಡುಹಿಡಿದರು. ಈ ಜೀವಿಯು ನಮ್ಮ ರಕ್ತದ ಕೆಂಪುಕಣದೊಳಗೆ ಹೊಕ್ಕು ಕೆಂಪು ಬಣ್ಣಕ್ಕೆ ಕಾರಣವಾದ ವಸ್ತುವನ್ನೇ ತಿಂದು ಬೆಳೆಯುತ್ತದೆ. ತಿಂದು ಉಳಿದುದು ಕಪ್ಪು ಹರಳುಗಳಾಗಿ ಅದರ ಮೈಯಲ್ಲಿ ಉಳಿಯುತ್ತದೆ. ಬೆಂಕಿ ಆರಿದ ಮೇಲೂ ಒಲೆಯ ಮಸಿ ಉಳಿಯುವಂತೆ ಎನ್ನಬಹುದು. ಈ ಕಪ್ಪು ಚುಕ್ಕೆಗಳನ್ನು ಓದುಗರು ನೆನಪಿನಲ್ಲಿಡಬೇಕು. ರಾಸ್ ಅವರ ಜಯಕ್ಕೆ ಇವೇ ಆಧಾರವಾದುವು.

ರೋಗಾಣು ರಕ್ತದಲ್ಲಿದೆ ಸರಿ, ಒಬ್ಬರಿಂದ ಇನ್ನೊಬ್ಬರಿಗೆ ಅದು ಹೋಗುವುದು ಹೇಗೆ? 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದ ರಾಸ್ ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರನ್ನು ಕಂಡರು. ಆನೆಕಾಲು ರೋಗದ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ಮ್ಯಾನ್ಸನ್ ಚೀನಾದೇಶದಲ್ಲಿ ಕಂಡುಹಿಡಿದಿದ್ದರು. ಮಲೇರಿಯಾ ರೋಗಾಣುವನ್ನೂ ಸೊಳ್ಳೆಯೇ ಹೊತ್ತೊಯ್ಯುತ್ತಿರಬೇಕೆಂದು ಅವರ ಊಹೆ. ರಕ್ತದಲ್ಲಿನ ರೋಗಾಣುವನ್ನು ರಾಸ್ ಅವರಿಗೆ ಮೊದಲು ಸರಿಯಾಗಿ ತೋರಿಸಿಕೊಟ್ಟವರೂ ಅವರೇ. ಆದರೆ ಗುರುವಿನ ಊಹೆಯಲ್ಲಿ ಒಂದು ಕೊರತೆಯಿತ್ತು. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ತಿಳಿದಿದ್ದರು.

1895ರಲ್ಲಿ ರಾಸ್ ಭಾರತಕ್ಕೆ ಹಿಂದಿರುಗಿ ಸಿಕಂದರಾಬಾದಿನಲ್ಲಿ ಕೆಲಸಕ್ಕೆ ತೊಡಗಿದರು. ಗುರುವಿನ ಊಹೆಯನ್ನು ಪರೀಕ್ಷಿಸಲು, ಸೊಳ್ಳೆ ಸತ್ತ ನೀರನ್ನು ಹಣ ಕೊಟ್ಟು ಕೆಲವರಿಗೆ ಕುಡಿಸಿಯೂ ನೋಡಿದರು. ಅಂಥ ಪ್ರಯೋಗ ಇಂದಿನ ನೀತಿಗೆ ಒಪ್ಪುವಂತಹದಲ್ಲ. ಬಡ ಜನ ನಾಲ್ಕು ಕಾಸಿಗಾಗಿ ತಮ್ಮ ದೇಹವನ್ನು ಒಡ್ಡಿದರೆಂಬುದನ್ನು ನಾವು ಮರೆಯಬಾರದು. ಪ್ರಯೋಗದಿಂದ ಸ್ಪಷ್ಟವಾದ ಫಲವೇನೂ ದೊರೆಯಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಕಾಲರಾ ಹರಡಿದಾಗ ರಾಸ್ ಅವರನ್ನು ಅಲ್ಲಿಗೆ ಕಳುಹಿಸಿದರು. ಊರಿನ ನೈರ್ಮಲ್ಯದ ಕೆಲಸದಲ್ಲಿ ಅವರ ಒಂದೂವರೆ ವರ್ಷ ಕಳೆಯಿತು.

1897ರ ಬೇಸಗೆಯಲ್ಲಿ ರಾಸ್ ಉದಕಮಂಡಲಕ್ಕೆ ಬಂದರು. ಬೆಟ್ಟದ ತಲೆಯಲ್ಲಿ ಜ್ವರವಿಲ್ಲ, ಬುಡದಲ್ಲಿ ವಿಪರೀತ ಜ್ವರ. ಇದೇಕೆಂದು ನೋಡಲು ಅವರು ಸೀಗೂರು ಘಾಟಿಗೆ ಇಳಿದರು. ಸೀಗೂರಿನ ಹೆಸರು ನಮ್ಮ ಕಡೆಯ ಓದುಗರಿಗೆ ಹೊಸತಲ್ಲ. ಕಿಟಕಿಗಳನ್ನು ಮುಚ್ಚಿ, ಸೊಳ್ಳೆಪರದೆಯೊಳಗೆ ಮಲಗಿದರೂ ಕೆಲವೇ ದಿನಗಳಲ್ಲಿ ಅವರಿಗೇ ಚಳಿಜ್ವರ ಹಿಡಿಯಿತು. ಕ್ವಿನೈನ್ ಸೇವಿಸಿ ಗುಣವಾದರು. ಅಲ್ಲಿ ಅವರು ರೆಕ್ಕೆಯ ಮೇಲೆ ಮಚ್ಚೆಗಳಿದ್ದ ಒಂದು ಬಗೆಯ ಸೊಳ್ಳೆಯನ್ನು ಕಂಡರು. ಬೇರೆ ಸೊಳ್ಳೆಗಳಂತಲ್ಲದೆ ಅದು ಬಾಲವನ್ನು ಮೇಲೆತ್ತಿ ಗೋಡೆಯ ಮೇಲೆ ಕುಳಿತುಕೊಳ್ಳುತ್ತಿತ್ತು. ಆಗ ಅದಕ್ಕೆ ಹೆಚ್ಚು ಗಮನ ಕೊಡಲು ಆಗಲಿಲ್ಲ.

ಜೂನ್ ತಿಂಗಳಲ್ಲಿ ಪುನಃ ಸಿಕಂದರಾಬಾದು. ಬೇಗಂಪೇಟೆಯ ಚಿಕ್ಕ ಸೈನ್ಯದ ಆಸ್ಪತ್ರೆಯಲ್ಲಿ ಕುಳಿತು ರಾಸ್ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡತೊಡಗಿದರು. ಎಷ್ಟು ಕಷ್ಟದ ಕೆಲಸವೆಂದು ಊಹಿಸಿಕೊಳ್ಳಿ. ಬೆಂಕಿಯಂಥ ಸೆಖೆ. ಪಂಖಾ ಎಳೆಸಿದರೆ ಸೊಳ್ಳೆಯ ಅಂಗಾಂಗಗಳು ಗಾಳಿಗೆ ಹಾರಿಹೋಗುತ್ತವೆ. ಎಳೆಸದಿದ್ದರೆ ನೊಣಗಳು ಕಣ್ಣು ಕಿವಿಗಳಿಗೆ ಮುತ್ತುತ್ತವೆ. ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದುವು. ಉಳಿದಿದ್ದ ಒಂದೇ ಒಂದು ಕಣ್ಣುಮಸೂರವೂ ಸೀಳುಬಿಟ್ಟಿತ್ತು. ನೂರಾರು ಸೊಳ್ಳೆಗಳನ್ನು ರೋಗಿಗಳಿಗೆ ಕಚ್ಚಿಸಿ ಸೀಳಿ ನೋಡಿದರೂ ಒಂದರಲ್ಲಿಯೂ ರೋಗಾಣು ಬೆಳೆದ ಗುರುತಿಲ್ಲ. ಕಾರಣ ಸರಳವಾಗಿತ್ತು. ಅವರು ನೋಡುತ್ತಿದ್ದುದೆಲ್ಲ ಬೂದು ಬಣ್ಣದ, ಪಟ್ಟೆ ಮೈಯ ಸೊಳ್ಳೆಗಳು. ಮನುಷ್ಯರ ಮಲೇರಿಯಾ ಆ ಜಾತಿಗಳಲ್ಲಿ ಬೆಳೆಯುವುದೇ ಇಲ್ಲ.

ಆಗಸ್ಟ್ ನಡುವೆ ದಾರಿ ತೆರೆಯಿತು. ಆಸ್ಪತ್ರೆಯ ಆಳುಗಳಲ್ಲೊಬ್ಬ ಎಲ್ಲಿಂದಲೋ ತಂದ ಮರಿಹುಳುಗಳ ಸೀಸೆಯಲ್ಲಿ ಮಚ್ಚೆ ರೆಕ್ಕೆಯ ಕಂದು ಸೊಳ್ಳೆಗಳು ಹುಟ್ಟಿದ್ದುವು. ಅದೇ ದಿನಗಳಲ್ಲಿ ಆಸ್ಪತ್ರೆಯ ಭಾರತೀಯ ಸಹಾಯಕನೊಬ್ಬ ಗೋಡೆಯ ಮೇಲೆ ಬಾಲವೆತ್ತಿ ಕುಳಿತಿದ್ದ ಒಂದು ಸೊಳ್ಳೆಯನ್ನು ಬೆರಳು ಮಾಡಿ ತೋರಿಸಿದನು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯನ್ನು ಪರದೆಯೊಳಗೆ ಮಲಗಿಸಿ, ಕಚ್ಚಿದ ಸೊಳ್ಳೆಗೊಂದು ಆಣೆಯಂತೆ ಹಣ ಕೊಟ್ಟು, ಸೀಸೆಯಲ್ಲಿ ಹುಟ್ಟಿದ ಸೊಳ್ಳೆಗಳಿಗೆ ಅವನ ರಕ್ತವನ್ನು ಹೀರಿಸಿದರು. ದಿನಗಳು ಕಳೆದಂತೆ ಕೆಲವು ಸೊಳ್ಳೆಗಳು ಸತ್ತುವು, ಕೆಲವನ್ನು ಸೀಳಿ ನೋಡಿದರೂ ಏನೂ ಕಾಣಲಿಲ್ಲ.

ಆಗಸ್ಟ್ 20ರಂದು ಉಳಿದಿದ್ದುವು ಬೆರಳೆಣಿಕೆಯಷ್ಟು. ಕಣ್ಣು ದಣಿದಿತ್ತು. ಆದರೂ ಒಂದು ಸೊಳ್ಳೆಯ ಜಠರದ ಗೋಡೆಯನ್ನು ಅಂಗುಲ ಅಂಗುಲವಾಗಿ ಎನ್ನುವಂತೆ ನೋಡುತ್ತ ಹೋದರು. ಅಲ್ಲಿ ಒಂದು ದುಂಡನೆಯ ಕೋಶ ಕಂಡಿತು. ಸೊಳ್ಳೆಯ ಜಠರದಲ್ಲಿ ಅಂಥ ಕೋಶವನ್ನು ಅವರು ಎಂದೂ ಕಂಡಿರಲಿಲ್ಲ. ದುರ್ಬೀನನ್ನು ಸರಿಪಡಿಸಿ ನೋಡಿದರೆ ಅದರೊಳಗೆ ಕಪ್ಪು ಚುಕ್ಕೆಗಳು! ರೋಗಿಯ ರಕ್ತದ ರೋಗಾಣುವಿನಲ್ಲಿ ಕಂಡ ಚುಕ್ಕೆಗಳೇ ಇಲ್ಲಿಯೂ ಇದ್ದುವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿದ್ದುವು. ಅಂದರೆ ರೋಗಾಣು ಸೊಳ್ಳೆಯ ಒಡಲಿನಲ್ಲಿ ದಿನದಿಂದ ದಿನಕ್ಕೆ ಬೆಳೆಯುತ್ತಿದೆ ಎಂದಾಯಿತು. ಇಂದು ಲೋಕವೆಲ್ಲ ಆಗಸ್ಟ್ 20ನ್ನು ಸೊಳ್ಳೆ ದಿನವೆಂದು ಆಚರಿಸುತ್ತದೆ. ಆ ಸೊಳ್ಳೆಯ ಜಾತಿಯೇ ಅನಾಫಿಲಿಸ್.

ಅಷ್ಟರಲ್ಲಿ ವಿಘ್ನವೊಂದು ಬಂದಿತು. ಮುಂದಿನ ತಿಂಗಳೇ ಸರಕಾರ ಅವರನ್ನು ರಾಜಪುತಾನದ ಖೇರ್ವಾಡಾ ಎಂಬ ದೂರದ ಊರಿಗೆ ವರ್ಗ ಮಾಡಿತು. ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ಲಂಡನ್ನಿನಿಂದ ಮ್ಯಾನ್ಸನ್ ಪ್ರಯತ್ನಪಟ್ಟುದರಿಂದ 1898ರ ಆರಂಭದಲ್ಲಿ ಸಂಶೋಧನೆಗಾಗಿಯೇ ಅವರನ್ನು ಕಲ್ಕತ್ತೆಗೆ ನೇಮಿಸಿದರು. ಅಲ್ಲಿ ಪ್ಲೇಗಿನ ಭಯ. ಸೂಜಿ ಎಂದರೆ ಜನ ಓಡಿಹೋಗುತ್ತಿದ್ದರು, ರಕ್ತ ಕೊಡುವವರೇ ಇಲ್ಲ. ರಾಸ್ ಹಕ್ಕಿಗಳ ಮಲೇರಿಯಾದತ್ತ ತಿರುಗಿದರು. ಗುಬ್ಬಿಗಳನ್ನು ಪಂಜರದಲ್ಲಿಟ್ಟು ಬೂದು ಸೊಳ್ಳೆಗಳಿಂದ ಕಚ್ಚಿಸಿ, ರೋಗಾಣುವಿನ ಪ್ರಯಾಣವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದರು. ಜಠರದ ಗೋಡೆಯ ಕೋಶ ಬಲಿತು ಒಡೆಯುತ್ತದೆ. ಅದರಿಂದ ಹೊರಬಿದ್ದ ನೂಲಿನೆಳೆಯಂಥ ಸಾವಿರಾರು ರೋಗಾಣುಗಳು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುತ್ತವೆ. ಸೊಳ್ಳೆ ಮತ್ತೊಂದು ಹಕ್ಕಿಯನ್ನು ಕಚ್ಚಿದಾಗ ಜೊಲ್ಲಿನೊಡನೆ ರಕ್ತಕ್ಕಿಳಿಯುತ್ತವೆ. 1898ರ ಜುಲೈ ತಿಂಗಳಲ್ಲಿ ಇದು ಖಚಿತವಾಯಿತು. ಅಂಥ ಸೊಳ್ಳೆಗಳಿಂದ ಕಚ್ಚಿಸಿದ ಆರೋಗ್ಯವಂತ ಗುಬ್ಬಿಗಳಲ್ಲಿ ಬಹುಪಾಲು ರೋಗಕ್ಕೆ ಗುರಿಯಾದುವು. ಗಾಳಿಯೂ ನೀರೂ ರೋಗ ತರುವುದಿಲ್ಲ, ಸೊಳ್ಳೆಯ ಕಡಿತವೇ ತರುತ್ತದೆ ಎಂದು ಸಿದ್ಧವಾಯಿತು.

ಮನುಷ್ಯರಲ್ಲಿ ಇದೇ ಮಾತನ್ನು ಪೂರ್ತಿಯಾಗಿ ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು. ಅದೇ 1898ರ ಕೊನೆಯ ಹೊತ್ತಿಗೆ ಅವರು ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯನಿಗೆ ಜ್ವರ ಬರುವುದನ್ನು ಸ್ಥಾಪಿಸಿದರು. 1900ರಲ್ಲಿ ರೋಮಿನಿಂದ ತರಿಸಿದ ಸೊಳ್ಳೆಗಳಿಂದ ಮ್ಯಾನ್ಸನ್ ತಮ್ಮ ಮಗನನ್ನೇ ಲಂಡನ್ನಿನಲ್ಲಿ ಕಚ್ಚಿಸಿದರು. ಮಲೇರಿಯಾ ಇಲ್ಲದ ಆ ನಗರದಲ್ಲಿ ಅವನಿಗೆ ಜ್ವರ ಬಂದಿತು. ಸಂಶಯಕ್ಕೆ ಎಡೆಯುಳಿಯಲಿಲ್ಲ.

1899ರಲ್ಲಿ ರಾಸ್ ಭಾರತವನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ, 1911ರಲ್ಲಿ ಸರ್ ಪದವಿ ಅವರಿಗೆ ದೊರೆತುವು. ಆದರೆ ಅವರು ಬಹುಮಾನ ಪಡೆದು ಸುಮ್ಮನೆ ಕುಳಿತವರಲ್ಲ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್, ಸುಯೆಜ್ ಕಾಲುವೆಯ ಇಸ್ಮಾಯಿಲಿಯಾ, ಮಾರಿಷಸ್ ದ್ವೀಪ ಮುಂತಾದೆಡೆಗೆ ಹೋಗಿ ಸೊಳ್ಳೆಯ ನೆಲೆಗಳನ್ನು ನಾಶಮಾಡುವ ದಾರಿ ತೋರಿಸಿದರು. ಮಾರಿಷಸ್ಸಿನಲ್ಲಿ ಊರೂರಿನ ಸಾವಿರಾರು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಕ್ಕಳಿಗೆ ಜ್ವರಗಡ್ಡೆ ಇದೆಯೆಂದು ಎಣಿಸಿದರು. ಒಬ್ಬನ ರಕ್ತದ ಕಪ್ಪು ಚುಕ್ಕೆ ಆ ಒಬ್ಬನ ರೋಗವನ್ನು ಹೇಳಿದರೆ, ಮಕ್ಕಳ ಜ್ವರಗಡ್ಡೆಯ ಎಣಿಕೆ ಇಡೀ ಊರಿನ ರೋಗವನ್ನು ಹೇಳುತ್ತದೆ.

ಹಿಂದೆ ಮದರಾಸಿನಲ್ಲಿ ಕಲಿತ ಗಣಿತ ಕೈಹಿಡಿದುದು ಇಲ್ಲಿಯೇ. ಊರಿನಲ್ಲಿ ಒಂದೂ ಸೊಳ್ಳೆ ಇಲ್ಲದಂತೆ ಮಾಡುವುದು ಯಾರಿಂದಲೂ ಆಗದ ಕೆಲಸ, ಆದುದರಿಂದ ಪ್ರಯತ್ನವೇ ವ್ಯರ್ಥವೆಂದು ಅನೇಕರು ಹೇಳುತ್ತಿದ್ದರು. ರಾಸ್ ಲೆಕ್ಕ ಹಾಕಿ ಉತ್ತರ ಕೊಟ್ಟರು. ಅವರ ತರ್ಕದ ರೀತಿಯನ್ನು ನಮ್ಮ ವಿದ್ಯಾರ್ಥಿಗಳು ಒಂದು ಸುಲಭ ಲೆಕ್ಕದಿಂದ ತಿಳಿಯಬಹುದು. ಒಬ್ಬ ರೋಗಿಯ ಸುತ್ತ 48 ಸೊಳ್ಳೆಗಳಿವೆ ಎನ್ನೋಣ. ಅವುಗಳಲ್ಲಿ ಕಾಲು ಭಾಗ ಮಾತ್ರ ರೋಗಿಯನ್ನು ಕಚ್ಚಿದರೆ 12 ಸೊಳ್ಳೆಗಳಿಗೆ ರೋಗಾಣು ಸೇರಿತು. ರೋಗಾಣು ಬಲಿತು ಜೊಲ್ಲಿಗೆ ಬರಲು ಸುಮಾರು ಹತ್ತು ದಿನ ಬೇಕು. ಅಷ್ಟು ದಿನ ಬದುಕುವುವು ಮೂರರಲ್ಲಿ ಒಂದು ಮಾತ್ರವಾದರೆ ಉಳಿದುವು 4. ಆ ನಾಲ್ಕರಲ್ಲಿ ಮತ್ತೊಬ್ಬ ಮನುಷ್ಯನನ್ನು ಕಚ್ಚುವುದು ಕಾಲು ಭಾಗವಾದರೆ ಉಳಿದುದು 1. ಅಂದರೆ 48 ಸೊಳ್ಳೆಗಳಿದ್ದರೆ ಒಬ್ಬ ರೋಗಿಯಿಂದ ಒಬ್ಬ ಹೊಸ ರೋಗಿ. ಸೊಳ್ಳೆಗಳು 24ಕ್ಕೆ ಇಳಿದರೆ ಇಬ್ಬರು ರೋಗಿಗಳಿಂದ ಒಬ್ಬನೇ ಹೊಸ ರೋಗಿ. ಹೀಗೆ ರೋಗ ತಾನಾಗಿಯೇ ಕರಗುತ್ತ ಹೋಗುತ್ತದೆ. ಸೊಳ್ಳೆಯನ್ನು ನಿರ್ವಂಶ ಮಾಡಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು.

ಇನ್ನೊಂದು ಪ್ರಶ್ನೆಯನ್ನೂ ಬಿಡಿಸಿ ನೋಡಿ. ಹತ್ತು ದಿನ ಬದುಕುವ ಸೊಳ್ಳೆ ಮೂರರಲ್ಲಿ ಒಂದರ ಬದಲು ಹನ್ನೆರಡರಲ್ಲಿ ಒಂದಾದರೆ, ಒಬ್ಬ ಹೊಸ ರೋಗಿಯಾಗಲು ಎಷ್ಟು ಸೊಳ್ಳೆ ಬೇಕು? ಉತ್ತರ 192. ಸೊಳ್ಳೆಯ ಆಯಸ್ಸನ್ನು ಕಡಿಮೆಮಾಡುವ ಔಷಧವನ್ನು ಗೋಡೆಗಳಿಗೆ ಸಿಂಪಡಿಸುವುದರ ಮರ್ಮ ಇದೇ. ರಾಸ್ ಅವರ ಗಣಿತವನ್ನು 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ವೈದ್ಯರು ಬೆಳೆಸಿ ಈ ಮಾತಿಗೆ ಒತ್ತುಕೊಟ್ಟರು. 2020ರಲ್ಲಿ ಕೊರೋನಾ ಹರಡಿದಾಗ ಒಬ್ಬ ರೋಗಿಯಿಂದ ಎಷ್ಟು ಜನಕ್ಕೆ ಸೋಂಕು ತಗಲುತ್ತದೆಂದು ವಿಜ್ಞಾನಿಗಳು ಗಣಕಯಂತ್ರಗಳಲ್ಲಿ ಹಾಕಿದ ಲೆಕ್ಕವೂ ಇದೇ ವಂಶದ್ದು.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಅವರ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ರಾಸ್ ಅವರದು ಬೇಗ ನೋಯುವ, ಬೇಗ ಸಿಡಿಯುವ ಸ್ವಭಾವ. ಕೀರ್ತಿ ಯಾರಿಗೆ ಸಲ್ಲಬೇಕೆಂದು ಗ್ರಾಸ್ಸಿಯವರೊಡನೆ ವರ್ಷಗಟ್ಟಲೆ ಕಹಿ ಜಗಳವಾಡಿದರು. ದಾರಿ ತೋರಿಸಿದ ಗುರು ಮ್ಯಾನ್ಸನ್ನರೊಡನೆಯೂ ಕೊನೆಗೆ ವೈಮನಸ್ಯ ಬೆಳೆಯಿತು. ತಮ್ಮ ಹಕ್ಕಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿದ್ದವರು, ಬೇಗಂಪೇಟೆಯ ಗೋಡೆಯ ಮೇಲಿನ ಸೊಳ್ಳೆಯನ್ನು ತೋರಿಸಿದ ಆ ಭಾರತೀಯ ಸಹಾಯಕನ ಹೆಸರನ್ನು ಮರೆತುಬಿಟ್ಟರು. ಹೆಸರು ಮರೆತುಹೋಯಿತೆಂದು ವಿಷಾದಪಟ್ಟು ಅವರೇ ಬರೆದಿಟ್ಟಿದ್ದಾರೆ. ಕಲ್ಕತ್ತೆಯಲ್ಲಿ ಅವರಿಗೆ ನೆರವಾದ ಮಹಮ್ಮದ್ ಬಕ್ಷ್, ಕಿಶೋರಿ ಮೋಹನ ಬಂದ್ಯೋಪಾಧ್ಯಾಯರ ಹೆಸರುಗಳಾದರೂ ಉಳಿದಿವೆ. ರೋಗದ ಗುರುತನ್ನು ಇಷ್ಟು ಜತನದಿಂದ ಹಿಡಿದ ಕಣ್ಣಿಗೆ ಪಕ್ಕದಲ್ಲಿ ನಿಂತ ಮನುಷ್ಯ ಪೂರ್ತಿ ಕಾಣಲಿಲ್ಲವೆಂಬುದು ನಮಗೆ ನೋವಿನ ಸಂಗತಿ. ಅವನು ಆಳುವವರ ಕಾಲದ ಒಬ್ಬ ಸಣ್ಣ ನೌಕರ. ಆದರೆ ಆ ದಿನ ಅವನ ಕಣ್ಣು ಚುರುಕಾಗಿತ್ತು.

1926ರಲ್ಲಿ ಲಂಡನ್ನಿನಲ್ಲಿ ರಾಸ್ ಅವರ ಹೆಸರಿನ ಸಂಶೋಧನಾಲಯವೊಂದು ತೆರೆಯಿತು. 1927ರ ಜನವರಿಯಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಬಳಿ ಅವರ ಸ್ಮಾರಕ ದ್ವಾರದ ಅನಾವರಣವಾದಾಗ ಅವರೇ ಬಂದಿದ್ದರು. 1932ನೆಯ ಇಸವಿ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನ ಹೊಂದಿದರು. ಬೇಗಂಪೇಟೆಯ ಆ ಕಟ್ಟಡ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಹೈದರಾಬಾದಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಚಾರಮಿನಾರಿನ ಜೊತೆಗೆ ಅದನ್ನೂ ನೋಡಿ ಬರಬೇಕು.

ಗುಟ್ಟು ಬಯಲಾಗಿ ನೂರಿಪ್ಪತ್ತೈದು ವರ್ಷ ಮೀರಿದರೂ ಮಲೇರಿಯಾ ಇನ್ನೂ ಸೋತಿಲ್ಲ. 2023ರಲ್ಲಿ ಲೋಕದಲ್ಲಿ ಸುಮಾರು 5 ಲಕ್ಷ 97 ಸಾವಿರ ಜನ ಇದಕ್ಕೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಎಳೆಯ ಮಕ್ಕಳು. ನಮ್ಮ ದೇಶದಲ್ಲಿ 1953ರಿಂದ ನಡೆದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ ರೋಗ ಬಹಳ ತಗ್ಗಿದೆ, ಆದರೆ ಕಾಡುಮೇಡಿನ ಊರುಗಳಿಂದ ಪೂರ್ತಿ ಹೋಗಿಲ್ಲ. ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು: ಚಳಿಯೊಡನೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ವೈದ್ಯರು ಕೊಟ್ಟ ಔಷಧವನ್ನು ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ. ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಪ್ರತಿ ಭಾನುವಾರ ಮನೆಯ ಸುತ್ತಲಿನ ತೊಟ್ಟಿ, ಹಳೆಯ ಟೈರು, ತೆಂಗಿನ ಚಿಪ್ಪು, ಒಡೆದ ಮಡಕೆಗಳನ್ನು ನೋಡಿ. ನಿಂತ ನೀರಿದ್ದರೆ ಚೆಲ್ಲಿ, ಚೆಲ್ಲಲಾಗದುದನ್ನು ಮುಚ್ಚಿಡಿ. ಎಷ್ಟು ಕಡೆ ಮರಿಹುಳು ಸಿಕ್ಕಿತೆಂದು ಒಂದು ಪುಸ್ತಕದಲ್ಲಿ ವಾರವಾರವೂ ಗುರುತು ಹಾಕಿ. ಗುರುತು ಹಾಕಲು ನಿಮ್ಮ ಜೊತೆಗೆ ಬಂದ ತಮ್ಮ ತಂಗಿಯರ ಹೆಸರುಗಳನ್ನೂ ಅದೇ ಪುಟದಲ್ಲಿ ಬರೆಯುವುದನ್ನು ಮರೆಯಬೇಡಿ.